ಒಂದೇ ಹುಳು, ಎರಡು ಹೆಸರು: ಪೆಸಿಫಿಕ್ ಕಡಲಂಚಿನ ಒಂದು ನೆಮಟೋಡ್ ಪ್ರಕರಣ

ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಕಡಲ ದಂಡೆ ಹಿಡಿದು ಹೋದರೆ ಬೊಡೇಗಾ ಬೇ ಸಿಗುತ್ತದೆ. ಬೇಸಿಗೆಯಲ್ಲೂ ಮಂಜು ಮುಸುಕುವ, ಗಾಳಿ ಬಿಡದೆ ಬೀಸುವ ಜಾಗ. ಅಲ್ಲಿನ ಹುಲ್ಲುಗಾವಲಿನಲ್ಲಿ, ಮರಳು ದಿಬ್ಬಗಳಲ್ಲಿ ಲುಪಿನ್ ಎಂಬ ಪೊದೆ ಬೆಳೆಯುತ್ತದೆ. ಎದೆಮಟ್ಟಕ್ಕೆ ಬರುವ ಗಿಡ, ಹಳದಿ ಹೂವಿನ ಗೊಂಚಲು. ನಮ್ಮ ಅವರೆ, ತೊಗರಿ, ಹುರುಳಿಯ ಕುಟುಂಬದ್ದೇ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಗುಣ ಇದಕ್ಕೂ ಇದೆ.

ಈ ಪೊದೆಗಳಿಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಇದ್ದಕ್ಕಿದ್ದಂತೆ ಒಂದು ಇಡೀ ತೋಪು ಒಣಗಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಇನ್ನೊಂದು ತೋಪು ಮಾತ್ರ ವರ್ಷಗಟ್ಟಲೆ ಹಸಿರಾಗೇ ಇರುತ್ತಿತ್ತು. ಮಣ್ಣು ಒಂದೇ, ಮಳೆ ಒಂದೇ, ಗಾಳಿ ಒಂದೇ. ಬೊಡೇಗಾ ಕಡಲ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಪರಿಸರ ವಿಜ್ಞಾನಿ ಡೊನಾಲ್ಡ್ ಸ್ಟ್ರಾಂಗ್ ಮತ್ತು ಅವರ ಜೊತೆಗಾರರು ಸತ್ತ ಪೊದೆಗಳ ಬೇರು ಅಗೆದು ನೋಡಿದರು. ಬೇರಿನೊಳಗೆ ಸುರಂಗ ಕೊರೆದು ಕೂತಿದ್ದವು ಮರಿಹುಳುಗಳು. ಹೆಪಿಯಾಲಸ್ ಕ್ಯಾಲಿಫೋರ್ನಿಕಸ್ ಎಂಬ ಪತಂಗದ ಮರಿಗಳು ಅವು. ಇಂಗ್ಲಿಷ್‌ನಲ್ಲಿ ಈ ಗುಂಪಿನ ಪತಂಗಗಳಿಗೆ ಘೋಸ್ಟ್ ಮಾತ್ ಎನ್ನುತ್ತಾರೆ.

ಪೊದೆ ಸಾಯುವುದಕ್ಕೆ ಕಾರಣ ಸಿಕ್ಕಿತು. ಆದರೆ ಹಸಿರಾಗಿ ಉಳಿದ ತೋಪುಗಳ ಒಗಟು ಬಿಡಲಿಲ್ಲ. ಆ ಪತಂಗ ಅಲ್ಲಿಗೂ ಹಾರಿ ಬರಬಹುದಲ್ವಾ? ಬಂದು ಮೊಟ್ಟೆ ಉದುರಿಸಿದರೂ ಮರಿಗಳು ಏನಾಗುತ್ತಿದ್ದವು? ಅಗೆಯುತ್ತಾ ಹೋದಾಗ ಮಣ್ಣಿನಲ್ಲಿ ಸತ್ತ ಮರಿಹುಳುಗಳು ಸಿಕ್ಕವು. ಅವುಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳು, ಅಂದರೆ ನೆಮಟೋಡ್‌ಗಳು, ಸಾವಿರಾರು ಸಂಖ್ಯೆಯಲ್ಲಿ ತುಂಬಿಕೊಂಡಿದ್ದವು.

ಆ ದುಂಡುಹುಳುವಿಗೆ ಹೆಸರಿಟ್ಟ ಕಥೆ ಇದು. ಹೆಸರಿಡುವುದನ್ನು ನಾವು ಕೆಲಸದ ಕೊನೆ ಅಂದುಕೊಳ್ಳುತ್ತೇವೆ. ಕಂಡುಹಿಡಿದರು, ಹೆಸರಿಟ್ಟರು, ಮುಗಿಯಿತು ಅಂತ. ಈ ಪ್ರಕರಣ ಓದಿದ ಮೇಲೆ ನನಗೆ ಹಾಗೆ ಅನ್ನಿಸುತ್ತಿಲ್ಲ.

ಕೀಟ ಕೊಲ್ಲುವ ಜೋಡಿ

ಮೊದಲು ಹುಳುವಿನ ಪರಿಚಯ ಆಗಲಿ. ಇದರ ಕುಲದ ಹೆಸರು ಹೆಟೆರೊರಾಬ್ಡೈಟಿಸ್. ಮಣ್ಣಿನಲ್ಲಿ ಓಡಾಡುವುದು ಇದರ ಮೂರನೇ ಹಂತದ ಮರಿ ಮಾತ್ರ. ಅದು ಏನನ್ನೂ ತಿನ್ನುವುದಿಲ್ಲ. ಹಿಂದಿನ ಹಂತದ ಪೊರೆಯನ್ನು ಕಳಚದೆ, ಅದನ್ನೇ ಅಂಗಿಯಂತೆ ಹೊದ್ದುಕೊಂಡು, ಮಣ್ಣಿನ ಕಣಗಳ ಸುತ್ತ ಇರುವ ತೆಳುವಾದ ನೀರಿನ ಪದರದಲ್ಲಿ ತೆವಳುತ್ತದೆ. ಕೀಟ ಸಿಕ್ಕಿದರೆ ಬಾಯಿಂದಲೋ, ಉಸಿರಾಟದ ರಂಧ್ರದಿಂದಲೋ, ಗುದದಿಂದಲೋ ಒಳಗೆ ನುಗ್ಗುತ್ತದೆ. ತಲೆಯ ತುದಿಯಲ್ಲಿ ಒಂದು ಚಿಕ್ಕ ಹಲ್ಲು ಇದೆ. ಕೀಟದ ಚರ್ಮ ತೆಳುವಾಗಿದ್ದರೆ ಅದರಿಂದ ಗೀರಿಕೊಂಡೂ ಒಳಗೆ ಹೋಗುತ್ತದೆ.

ಆದರೆ ಕೊಲ್ಲುವುದು ಮುಖ್ಯವಾಗಿ ಇದರ ಜೊತೆಗಾರ. ಹುಳುವಿನ ಕರುಳಿನಲ್ಲಿ ಫೋಟೋರಾಬ್ಡಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಕೀಟದ ರಕ್ತ ಸಿಕ್ಕಿದ ಕೂಡಲೇ ಹುಳು ಆ ಬ್ಯಾಕ್ಟೀರಿಯಾವನ್ನು ಹೊರಗೆ ಕಾರುತ್ತದೆ. ಒಂದೆರಡು ದಿನದಲ್ಲಿ ಕೀಟ ಸಾಯುತ್ತದೆ. ಹೆಣ ಕೊಳೆಯುವುದಿಲ್ಲ. ಬೇರೆ ಸೂಕ್ಷ್ಮಜೀವಿಗಳು ಬರದಂತೆ ತಡೆಯುವ ರಾಸಾಯನಿಕಗಳನ್ನು ಫೋಟೋರಾಬ್ಡಸ್ ತಯಾರಿಸುತ್ತದೆ. ಹೆಣ ಇಟ್ಟಿಗೆಯಂತೆ ಕೆಂಪಾಗುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣು ಪಳಗಿದ ಮೇಲೆ ನೋಡಿದರೆ ಸತ್ತ ಕೀಟ ಮಂದವಾಗಿ ಹೊಳೆಯುತ್ತಿರುತ್ತದೆ. ನೆಲದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಹೀಗೆ ಬೆಳಕು ಚೆಲ್ಲುವವು ಬಹಳ ಅಪರೂಪ.

ಆ ಹೆಣದೊಳಗೆ ದುಂಡುಹುಳು ಬ್ಯಾಕ್ಟೀರಿಯಾ ತಿಂದು ದೊಡ್ಡದಾಗುತ್ತದೆ. ಮೊದಲ ತಲೆಮಾರಿನಲ್ಲಿ ಗಂಡು ಹೆಣ್ಣು ಅಂತ ಬೇರೆ ಇಲ್ಲ. ಎಲ್ಲವೂ ಉಭಯಲಿಂಗಿಗಳು, ತಾವೇ ತಾವಾಗಿ ಮರಿ ಮಾಡುತ್ತವೆ. ಮುಂದಿನ ತಲೆಮಾರಿನಲ್ಲಿ ಗಂಡು, ಹೆಣ್ಣು ಹುಟ್ಟುತ್ತವೆ. ಕೊನೆಕೊನೆಗೆ ಮೊಟ್ಟೆಗಳು ತಾಯಿಯ ಹೊಟ್ಟೆಯಲ್ಲೇ ಒಡೆದು, ಮರಿಗಳು ತಾಯಿಯನ್ನೇ ತಿಂದು ಹೊರಬರುತ್ತವೆ. ಒಂದೇ ಹೆಣದಿಂದ ಲಕ್ಷದ ಲೆಕ್ಕದಲ್ಲಿ ಮರಿಗಳು ಮಣ್ಣಿಗೆ ಇಳಿಯಬಹುದು.

ಈ ಎರಡು ತಲೆಮಾರಿನ ವಿಷಯ ನೆನಪಿಟ್ಟುಕೊಳ್ಳಿ. ಹೆಸರಿಡುವಾಗ ಇದೇ ಕಷ್ಟ ಕೊಡುತ್ತದೆ.

ಉತ್ತರದಲ್ಲಿ ಇನ್ನೊಂದು ತಂಡ

ಬೊಡೇಗಾದಿಂದ ಸುಮಾರು 850 ಕಿಲೋಮೀಟರ್ ಉತ್ತರಕ್ಕೆ, ಅದೇ ಪೆಸಿಫಿಕ್ ದಂಡೆಯ ಮೇಲೆ ಆರೆಗನ್ ರಾಜ್ಯದ ಸೀಸೈಡ್ ಎಂಬ ಊರಿದೆ. ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಜಿಯೆ ಲಿಯು ಮತ್ತು ರಾಲ್ಫ್ ಬೆರಿ 1990ರ ದಶಕದಲ್ಲಿ ಆ ರಾಜ್ಯದ ಮಣ್ಣಿನಲ್ಲಿ ಕೀಟ ಕೊಲ್ಲುವ ನೆಮಟೋಡ್‌ಗಳು ಎಲ್ಲೆಲ್ಲಿ ಇವೆ ಎಂದು ಹುಡುಕುತ್ತಿದ್ದರು. ಅವರ ಪ್ರಶ್ನೆ ಬೇರೆ. ಯಾವ ಪೊದೆ ಏಕೆ ಸಾಯುತ್ತದೆ ಎಂಬುದು ಅವರ ಚಿಂತೆ ಆಗಿರಲಿಲ್ಲ. ಬೆಳೆಗೆ ಬರುವ ಕೀಟಗಳನ್ನು ಹತೋಟಿಗೆ ತರಲು ತಮ್ಮ ನೆಲದ್ದೇ, ತಮ್ಮ ಚಳಿಗೆ ಒಗ್ಗಿದ ಹುಳು ಸಿಗುತ್ತದೆಯೇ ಎಂದು ಅವರು ನೋಡುತ್ತಿದ್ದರು.

ಮಣ್ಣಿನಿಂದ ಇಂಥ ಹುಳು ಹಿಡಿಯಲು ಒಂದು ಸರಳ ಉಪಾಯ ಇದೆ. 1975ರಲ್ಲಿ ಬೆಡ್ಡಿಂಗ್ ಮತ್ತು ಅಕ್‌ಹರ್ಸ್ಟ್ ಇದನ್ನು ವಿವರಿಸಿದರು. ಜಗತ್ತಿನ ಎಲ್ಲ ಕಡೆ ಇವತ್ತಿಗೂ ಅದೇ ನಡೆಯುತ್ತಿದೆ. ಡಬ್ಬಿಗೆ ಒದ್ದೆ ಮಣ್ಣು ಹಾಕಬೇಕು. ಅದರಲ್ಲಿ ಮೇಣದ ಪತಂಗದ ಕೆಲವು ಮರಿಹುಳು ಬಿಡಬೇಕು. ಜೇನು ಸಾಕುವವರಿಗೆ ಈ ಹುಳು ಚೆನ್ನಾಗಿ ಗೊತ್ತು. ಪೆಟ್ಟಿಗೆಯಲ್ಲಿ ಎರಿಗಳನ್ನು ತಿಂದು ಬಲೆ ಕಟ್ಟುವ ಅದೇ ಪೀಡೆ. ಇಲ್ಲಿ ಮಾತ್ರ ಅದು ಗಾಳದ ಹುಳು. ಮುಚ್ಚಳ ಹಾಕಿ, ಡಬ್ಬಿಯನ್ನು ಬೋರಲು ಮಾಡಿ, ಒಂದು ವಾರ ತಂಪಾದ ಕತ್ತಲಲ್ಲಿ ಇಟ್ಟರೆ ಸಾಕು. ಮಣ್ಣಿನಲ್ಲಿ ನೆಮಟೋಡ್ ಇದ್ದರೆ ಗಾಳದ ಹುಳು ಸತ್ತಿರುತ್ತದೆ. ಅದು ಕೆಂಪಾಗಿದ್ದರೆ ಹೆಟೆರೊರಾಬ್ಡೈಟಿಸ್ ಇರಬಹುದು ಎಂದು ಮೊದಲ ಸುಳಿವು.

ಆಮೇಲೆ ಹೆಣವನ್ನು ನೀರಿನ ತಟ್ಟೆಯ ನಡುವೆ ಒಂದು ಸಣ್ಣ ಒಣ ದ್ವೀಪದ ಮೇಲೆ ಇಡುತ್ತಾರೆ. ಮರಿಗಳು ಹೆಣದಿಂದ ಹೊರಟು ತಾವಾಗಿಯೇ ನೀರಿಗೆ ಇಳಿಯುತ್ತವೆ. ಇದಕ್ಕೆ ವೈಟ್ ಬಲೆ ಎಂದು ಹೆಸರು. ಜೀ. ಎಫ್. ವೈಟ್ ಎಂಬವರು 1927ರಲ್ಲಿ ಈ ವಿಧಾನ ಬರೆದಿದ್ದರು. ಹಾಗೆ ಸಿಕ್ಕ ಮರಿಗಳನ್ನು ಹೊಸ ಗಾಳದ ಹುಳುಗಳ ಮೇಲೆ ಬಿಟ್ಟು, ಅವು ನಿಜವಾಗಿ ಕೊಲ್ಲುತ್ತವೆಯೇ ಎಂದು ಮತ್ತೆ ಪರೀಕ್ಷೆ. ಏಕೆಂದರೆ ಹೆಣ ತಿನ್ನಲು ಬರುವ ಸಾಧಾರಣ ದುಂಡುಹುಳುಗಳೂ ಮಣ್ಣಿನಲ್ಲಿ ಬೇಕಾದಷ್ಟಿವೆ. ಸತ್ತ ಮೇಲೆ ಬಂದವರನ್ನು ಕೊಲೆಗಾರರೆಂದು ಬರೆದುಬಿಡಬಾರದು.

ಸೀಸೈಡ್‌ನ ಕಡಲಂಚಿನ ಮಣ್ಣಿನಲ್ಲಿ ಸಿಕ್ಕ ಹುಳು ಆಗ ಗೊತ್ತಿದ್ದ ಯಾವ ಪ್ರಭೇದಕ್ಕೂ ಸರಿಹೊಂದಲಿಲ್ಲ.

ಕಡಲಂಚಿನಲ್ಲೇ ಏಕೆ ಎಂದು ಕೇಳಬಹುದು. ಇದು ಅಲ್ಲಿಯದ್ದೊಂದೇ ಕಥೆ ಅಲ್ಲ. ಹವಾಯಿ, ಐರ್ಲೆಂಡ್, ಬ್ರಿಟನ್ ಹೀಗೆ ಹಲವು ಕಡೆ ಹೆಟೆರೊರಾಬ್ಡೈಟಿಸ್ ಜಾಸ್ತಿ ಸಿಕ್ಕಿದ್ದು ಕಡಲ ಪಕ್ಕದ ಮರಳು ಮಣ್ಣಿನಲ್ಲೇ. ಮರಳಿನ ಕಣಗಳ ನಡುವೆ ಸಂದಿ ಇರುತ್ತದೆ, ಗಾಳಿ ಆಡುತ್ತದೆ, ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಉದ್ದದ ಮರಿಗೆ ನುಸುಳಲು ದಾರಿ ಇರುತ್ತದೆ. ಜೇಡಿಮಣ್ಣಿನಲ್ಲಿ ಆ ಅನುಕೂಲ ಇಲ್ಲ.

ಹೆಸರಿಡುವ ಕೆಲಸ

ಒಂದು ಹುಳು ಹೊಸದು ಎಂದು ಹೇಳಲು ಏನೆಲ್ಲ ಬೇಕು? ಸುಮ್ನೆ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವ ಮಾತಲ್ಲ. ಹುಳುಗಳನ್ನು ಬಿಸಿ ನೀರಿನಲ್ಲಿ ಕೊಲ್ಲುತ್ತಾರೆ. ಆಗ ಅವು ಸುರುಳಿ ಸುತ್ತದೆ ನೆಟ್ಟಗೆ ಇರುತ್ತವೆ, ಅಳೆಯಲು ಬರುತ್ತದೆ. ಆಮೇಲೆ ಫಾರ್ಮಲಿನ್ ಇರುವ ದ್ರಾವಣದಲ್ಲಿ ನೆನೆಸಿ, ನಿಧಾನವಾಗಿ ನೀರು ತೆಗೆದು ಗ್ಲಿಸರಿನ್ ತುಂಬಿಸಿ, ಗಾಜಿನ ಸ್ಲೈಡಿನ ಮೇಲೆ ಕೂರಿಸುತ್ತಾರೆ. ಅವಸರ ಮಾಡಿದರೆ ಹುಳು ಮುದುಡಿ ಹಾಳಾಗುತ್ತದೆ. ದಿನಗಟ್ಟಲೆ ಕಾಯಬೇಕು.

ಉಭಯಲಿಂಗಿ, ಹೆಣ್ಣು, ಗಂಡು, ಮರಿ ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಸಾಮಾನ್ಯವಾಗಿ ಒಂದೊಂದರಲ್ಲೂ 20 ಹುಳು. ಉದ್ದ, ಅಗಲ, ಅನ್ನನಾಳದ ಉದ್ದ, ಬಾಲದ ಉದ್ದ, ತಲೆಯಿಂದ ವಿಸರ್ಜನಾ ರಂಧ್ರಕ್ಕೆ ಇರುವ ದೂರ. ಗಂಡಿನ ಬಾಲದಲ್ಲಿ ಸ್ಪಿಕ್ಯೂಲ್ ಎಂಬ ಬಾಗಿದ ಜೋಡಿ ಸಲಾಕೆ, ಅದರ ಸುತ್ತ ತೆಳುವಾದ ಪರದೆ, ಪರದೆಗೆ ಆಧಾರವಾಗಿ ಒಂಬತ್ತು ಜೋಡಿ ಕಡ್ಡಿಗಳು. ಆ ಕಡ್ಡಿಗಳು ಹೇಗೆ ಗುಂಪುಗೂಡಿವೆ ಎಂಬುದನ್ನೂ ಬರೆಯಬೇಕು. ಒಂದು ಪ್ರಭೇದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕೆಲವೊಮ್ಮೆ ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟೇ.

ಅಂಕಿ ನೋಡಿದರೆ ಅರ್ಥವಾಗುತ್ತದೆ. ಆರೆಗನ್ ಹುಳುವಿನ ಸೋಂಕು ಹರಡುವ ಮರಿ ಸರಾಸರಿ 654 ಮೈಕ್ರೋಮೀಟರ್ ಉದ್ದ. ಹೆಟೆರೊರಾಬ್ಡೈಟಿಸ್ ಬ್ಯಾಕ್ಟೀರಿಯೊಫೋರಾದ ಮರಿ 588. ನಮ್ಮ ಕೊಯಮತ್ತೂರಿನ ಹೆಟೆರೊರಾಬ್ಡೈಟಿಸ್ ಇಂಡಿಕಾ 528. ಮೆಗಿಡಿಸ್ ಎಂಬುದು 768. ಸರಾಸರಿಗಳು ದೂರ ದೂರ ಕಾಣುತ್ತವೆ. ಆದರೆ ಬ್ಯಾಕ್ಟೀರಿಯೊಫೋರಾದ ಮರಿಗಳಲ್ಲಿ 671ರವರೆಗೆ ಉದ್ದ ಇರುವವು ಸಿಗುತ್ತವೆ. ಆರೆಗನ್ ಮರಿಗಳಲ್ಲಿ 588 ಇರುವವೂ ಇವೆ. ಒಂದೇ ಒಂದು ಹುಳು ಕೈಗೆ ಕೊಟ್ಟು ಇದು ಯಾರು ಹೇಳು ಅಂದರೆ ಯಾರಿಗಾದರೂ ಕಷ್ಟ.

ಹಾಗಾದರೆ ಬೆರಕೆ ಮಾಡಿ ನೋಡಬಹುದಲ್ವಾ? ಎರಡು ಕಡೆಯ ಹುಳುಗಳನ್ನು ಕೂಡಿಸಿ, ಹುಟ್ಟಿದ ಮರಿಗಳು ಮತ್ತೆ ಮರಿ ಹಾಕಿದರೆ ಅವು ಒಂದೇ ಪ್ರಭೇದ. ಇಲ್ಲೇ ಎರಡು ತಲೆಮಾರಿನ ತೊಡಕು ಬರುತ್ತದೆ. ಉಭಯಲಿಂಗಿ ಹುಳು ನೋಡಲು ಹೆಣ್ಣಿನ ಹಾಗೇ ಇರುತ್ತದೆ. ತಪ್ಪಿ ಅದನ್ನು ಆರಿಸಿದರೆ ಗಂಡಿನ ಹಂಗಿಲ್ಲದೆ ತಾನೇ ಮರಿ ಹಾಕುತ್ತದೆ. ನೋಡಿದವರು ಬೆರಕೆ ಗೆದ್ದಿತು ಅಂದುಕೊಳ್ಳುತ್ತಾರೆ. ಎರಡನೇ ತಲೆಮಾರಿನ, ಇನ್ನೂ ಕೂಡದ ಹೆಣ್ಣುಗಳನ್ನೇ ಒಂದೊಂದಾಗಿ ಹೆಕ್ಕಬೇಕು. ಗಂಡೇ ಇಲ್ಲದ ಹೆಣ್ಣುಗಳನ್ನು ಪಕ್ಕದಲ್ಲಿಟ್ಟು ಅವು ಮರಿ ಹಾಕುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಈ ತಾಳ್ಮೆಯ ಕೆಲಸಕ್ಕೆ ನನಗೆ ದೊಡ್ಡ ಗೌರವ ಇದೆ.

1996, ವರ್ಷದ ಆರಂಭ ಮತ್ತು ಕೊನೆ

ಲಿಯು ಮತ್ತು ಬೆರಿ ಬರೆದ ವಿವರಣೆ 1996ರ ಆರಂಭದಲ್ಲಿ ಜರ್ನಲ್ ಆಫ್ ಇನ್ವರ್ಟಿಬ್ರೇಟ್ ಪೆಥಾಲಜಿಯಲ್ಲಿ ಬಂತು. ಅವರು ಕೊಟ್ಟ ಹೆಸರು ಹೆಟೆರೊರಾಬ್ಡೈಟಿಸ್ ಮರೆಲಾಟಸ್. ಲ್ಯಾಟಿನ್‌ನಲ್ಲಿ ಮಾರೆ ಎಂದರೆ ಸಮುದ್ರ.

ಅದೇ ಹೊತ್ತಿಗೆ ಬೊಡೇಗಾದ ಹುಳುವಿನ ವಿವರಣೆಯೂ ತಯಾರಾಗುತ್ತಿತ್ತು. ಸ್ಟ್ರಾಂಗ್ ಜೊತೆ ಪೆಟ್ರಿಷಿಯಾ ಸ್ಟಾಕ್ ಮತ್ತು ಸ್ಕಾಟ್ ಗಾರ್ಡ್ನರ್ ಸೇರಿದ್ದರು. ಸ್ಟಾಕ್ ನೆಮಟೋಡ್‌ಗಳ ವರ್ಗೀಕರಣದಲ್ಲಿ ಪಳಗಿದವರು. ಅವರ ಪ್ರಬಂಧ ಫ್ರಾನ್ಸ್‌ನಿಂದ ಹೊರಡುತ್ತಿದ್ದ ಫಂಡಮೆಂಟಲ್ ಅಂಡ್ ಅಪ್ಲೈಡ್ ನೆಮಟಾಲಜಿ ಪತ್ರಿಕೆಯಲ್ಲಿ, ಅದೇ 1996ರ ಸಂಪುಟದ ಕೊನೆಯ ಭಾಗದಲ್ಲಿ ಪ್ರಕಟವಾಯಿತು. ಹೆಸರು ಹೆಟೆರೊರಾಬ್ಡೈಟಿಸ್ ಹೆಪಿಯಾಲಿಯಸ್. ಹೆಪಿಯಾಲಸ್ ಪತಂಗದ ಮರಿಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು.

ಒಂದು ಹೆಸರಿನಲ್ಲಿ ಕಡಲು, ಇನ್ನೊಂದರಲ್ಲಿ ಪತಂಗ. ಒಬ್ಬರು ಹುಳು ಸಿಕ್ಕ ಜಾಗ ನೋಡಿ ಹೆಸರಿಟ್ಟರು, ಇನ್ನೊಬ್ಬರು ಹುಳುವಿನ ಬೇಟೆ ನೋಡಿ ಹೆಸರಿಟ್ಟರು. ಹುಳು ಮಾತ್ರ ಒಂದೇ.

ಯಾರೂ ಸೋಮಾರಿತನ ಮಾಡಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹೊಸ ಪ್ರಭೇದ ಎಂದು ಬರೆಯುವಾಗ ಅಲ್ಲಿಯವರೆಗೆ ಪ್ರಕಟವಾದ ಹೆಸರುಗಳ ಜೊತೆ ಹೋಲಿಸಬೇಕು. ಆಗ ಈ ಕುಲದಲ್ಲಿ ಇದ್ದ ಹೆಸರುಗಳು ಬೆರಳೆಣಿಕೆಯಷ್ಟು. 1976ರ ಬ್ಯಾಕ್ಟೀರಿಯೊಫೋರಾ, 1987ರ ಮೆಗಿಡಿಸ್, 1990ರ ಝೀಲಾಂಡಿಕಾ, 1992ರ ಇಂಡಿಕಾ, ಇನ್ನು ಕೆಲವು. ಅವುಗಳ ಜೊತೆ ಹೋಲಿಸಿದರೆ ಎರಡೂ ತಂಡದ ಹುಳು ನಿಜಕ್ಕೂ ಹೊಸದೇ. ಒಬ್ಬರ ಮೇಜಿನ ಮೇಲಿದ್ದದ್ದು ಇನ್ನೊಬ್ಬರ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ಇವತ್ತು ಹುಳುವಿನ ಡಿಎನ್‌ಎಯ ಒಂದು ತುಂಡು ಓದಿಸಿ ಎಲ್ಲರಿಗೂ ತೆರೆದ ಭಂಡಾರದಲ್ಲಿ ಹುಡುಕುವುದು ವಾಡಿಕೆ. ಈ ಕುಲದಲ್ಲಿ ಹಾಗೆ ಹೋಲಿಸಲು ಆಗ ಹೆಚ್ಚೇನೂ ಸಿಗುತ್ತಿರಲಿಲ್ಲ.

ಇದಕ್ಕಿಂತ 20 ವರ್ಷ ಹಿಂದೆ ಇದೇ ಕುಲದಲ್ಲಿ ಇಂಥದ್ದೇ ನಡೆದಿತ್ತು. 1976ರಲ್ಲಿ ಜಾರ್ಜ್ ಪಾಯ್ನಾರ್ ದಕ್ಷಿಣ ಆಸ್ಟ್ರೇಲಿಯಾದ ಬ್ರೆಕಾನ್‌ನ ಹುಳುವಿಗೆ ಬ್ಯಾಕ್ಟೀರಿಯೊಫೋರಾ ಎಂದು ಹೆಸರಿಟ್ಟರು. ಅದೇ ವರ್ಷ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಖಾನ್, ಬ್ರೂಕ್ಸ್ ಮತ್ತು ಹಿರ್ಷ್‌ಮನ್ ಒಂದು ಹುಳುವಿಗೆ ಕ್ರೊಮೊನೀಮಾ ಹೆಲಿಯೋಥಿಡಿಸ್ ಎಂದು ಹೆಸರಿಟ್ಟರು. ಎರಡೂ ಒಂದೇ ಎಂದು ಆಮೇಲೆ ತೀರ್ಮಾನವಾಯಿತು.

ತನ್ನ ಹೆಸರನ್ನು ತಾನೇ ಹಿಂದಕ್ಕೆ ಪಡೆದದ್ದು

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. 1997ರಲ್ಲಿ ನೆಮಟೊಲಾಜಿಕಾ ಪತ್ರಿಕೆಯ 43ನೇ ಸಂಪುಟದಲ್ಲಿ ಒಂದು ಪ್ರಬಂಧ ಬಂತು. ಹೆಪಿಯಾಲಿಯಸ್ ಬೇರೆ ಪ್ರಭೇದ ಅಲ್ಲ, ಅದು ಮರೆಲಾಟಸ್ಸೇ ಎಂದು ಅದು ಹೇಳಿತು. ಬರೆದವರು ಪೆಟ್ರಿಷಿಯಾ ಸ್ಟಾಕ್. ಹೆಪಿಯಾಲಿಯಸ್ ಎಂದು ಹೆಸರಿಟ್ಟವರಲ್ಲಿ ಮೊದಲನೆಯವರು.

ಒಂದು ವರ್ಷ ಕಳೆಯುವಷ್ಟರಲ್ಲಿ ತಾವಿಟ್ಟ ಹೆಸರನ್ನು ತಾವೇ ಕೈಬಿಟ್ಟರು. ಸುಮ್ಮನೆ ಒಂದು ಸಾಲಿನ ತಿದ್ದುಪಡಿ ಹಾಕಿ ಮುಗಿಸಲಿಲ್ಲ. ಇಡೀ ಪ್ರಭೇದವನ್ನು ಮತ್ತೆ ಹೊಸದಾಗಿ ವಿವರಿಸಿ ಬರೆದರು. ಮುಂದೆ ಇದೇ ಹುಳುವನ್ನು ಹಿಡಿಯುವವರಿಗೆ ಎರಡು ಕಡೆ ಹಂಚಿಹೋಗಿದ್ದ ಮಾಹಿತಿ ಒಂದು ಕಡೆ ಸಿಗಬೇಕಲ್ಲ, ಅದಕ್ಕೆ. ಹೆಸರಿನ ಪಕ್ಕ ತಮ್ಮ ಹೆಸರು ಉಳಿಯುವುದು ವಿಜ್ಞಾನಿಗಳಿಗೆ ಸಣ್ಣ ಗೌರವ ಅಲ್ಲ. ಆ ಪ್ರಭೇದದ ಬಗ್ಗೆ ಬರೆಯುವಲ್ಲೆಲ್ಲ ಅದು ಮತ್ತೆ ಮತ್ತೆ ಅಚ್ಚಾಗುತ್ತದೆ. ಅದನ್ನು ಬಿಟ್ಟುಕೊಟ್ಟದ್ದು ದೊಡ್ಡ ಮಾತು ಎಂದೇ ನಾನು ನಂಬುತ್ತೇನೆ.

ಯಾವ ಹೆಸರು ಉಳಿಯಬೇಕು ಎಂಬುದಕ್ಕೆ ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಮೊದಲು ಪ್ರಕಟವಾದದ್ದು ಉಳಿಯುತ್ತದೆ. ಯಾರು ಮೊದಲು ಕಂಡರು, ಯಾರ ಕೆಲಸ ಹೆಚ್ಚು ಆಳವಾಗಿದೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಎರಡೂ ಒಂದೇ ವರ್ಷದವಾದರೆ ತಿಂಗಳು ನೋಡುತ್ತಾರೆ, ದಿನ ನೋಡುತ್ತಾರೆ. ಕೆಲವು ತಿಂಗಳು ಮುಂಚೆ ಅಚ್ಚಾದ ಮರೆಲಾಟಸ್ ಉಳಿಯಿತು. ಇದು ಕಟುವಾದ ನಿಯಮ ಅನ್ನಿಸಬಹುದು. ಆದರೆ ಆಳ ಅಳೆಯಲು ಹೊರಟರೆ ಜಗಳಕ್ಕೆ ಕೊನೆ ಎಲ್ಲಿ? ದಿನಾಂಕದ ಬಗ್ಗೆ ವಾದ ಕಮ್ಮಿ.

ಆಮೇಲೆ ಒಂದು ವ್ಯಾಕರಣದ ತಿದ್ದುಪಡಿಯೂ ಆಯಿತು. ಹೆಟೆರೊರಾಬ್ಡೈಟಿಸ್ ಎಂಬುದು ಸ್ತ್ರೀಲಿಂಗ. ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಅದು ಕುಲದ ಲಿಂಗಕ್ಕೆ ಹೊಂದಬೇಕು. ಹಾಗಾಗಿ ಮರೆಲಾಟಸ್ ಹೋಗಿ ಮರೆಲಾಟಾ ಆಯಿತು. ಕೊಯಮತ್ತೂರಿನ ಹುಳುವಿಗೂ ಹಾಗೇ ಆಗಿದೆ. ಮೊದಲು ಇಟ್ಟದ್ದು ಇಂಡಿಕಸ್, ಈಗ ಇಂಡಿಕಾ.

ಓದುಗನಿಗೆ ಬರುವ ತೊಂದರೆ

ಹೆಸರು ಎರಡಾದರೆ ಏನು ನಷ್ಟ ಎಂದು ಕೇಳಿದರೆ ನನ್ನ ಉತ್ತರ ಇದು. ತಿಳಿವಳಿಕೆ ಎರಡು ಕೋಣೆಗೆ ಹಂಚಿಹೋಗುತ್ತದೆ.

ಆರೆಗನ್ ಕಡೆಯವರು ಮರೆಲಾಟಸ್ ಹೆಸರಿನಲ್ಲಿ ಸ್ಟ್ರಾಬೆರಿ ಬೇರು ತಿನ್ನುವ ಮೂತಿಹುಳುಗಳ ಮೇಲೆ ಇದನ್ನು ಪ್ರಯೋಗಿಸಿದರು. ಬೆರಿ ಮತ್ತು ಲಿಯು ಅವರ ಆ ಪ್ರಬಂಧ 1997ರದ್ದು. ಅದು ಕೃಷಿಯ ಕೋಣೆ. ಇತ್ತ ಬೊಡೇಗಾದವರು ಹೆಪಿಯಾಲಿಯಸ್ ಹೆಸರಿನಲ್ಲಿ ನೆಲದಡಿಯ ಆಹಾರ ಸರಪಳಿಯ ಬಗ್ಗೆ ಬರೆದರು. ಅದು ಪರಿಸರ ವಿಜ್ಞಾನದ ಕೋಣೆ. ಅದರಲ್ಲೂ ಈಕೊಲೋಜಿಯಾ ಎಂಬ ಪತ್ರಿಕೆಯಲ್ಲಿ ಬಂದ ಅವರ 1996ರ ಪ್ರಬಂಧದಲ್ಲಿ ಹೆಸರಿನ ಕಾಗುಣಿತ ಹೆಪಿಯಾಲಸ್ ಎಂದಿದೆ. ಹಾಗಾಗಿ ಈ ಒಂದು ಹುಳುವಿನ ಬಗ್ಗೆ ಪೂರ್ತಿ ಓದಬೇಕಾದರೆ ಮರೆಲಾಟಸ್, ಮರೆಲಾಟಾ, ಹೆಪಿಯಾಲಿಯಸ್, ಹೆಪಿಯಾಲಸ್ ಎಂದು ನಾಲ್ಕು ಸಲ ಹುಡುಕಬೇಕು. ಒಂದನ್ನು ಬಿಟ್ಟರೂ ಅರ್ಧ ಕಥೆ ತಪ್ಪಿಹೋಗುತ್ತದೆ.

ತಪ್ಪಿಹೋಗುವ ಆ ಅರ್ಧ ಎಂಥದ್ದು ಗೊತ್ತಾ? ಬೊಡೇಗಾದಲ್ಲಿ ನೆಮಟೋಡ್ ಹೆಚ್ಚಿದ್ದ ತೋಪುಗಳಲ್ಲಿ ಲುಪಿನ್ ಸಾಯುವುದು ಕಮ್ಮಿ, ನೆಮಟೋಡ್ ವಿರಳವಾಗಿದ್ದ ಕಡೆ ತೋಪಿಗೆ ತೋಪೇ ಒಣಗಿದ ಚರಿತ್ರೆ. ಹೀಗೆಂದು ಸ್ಟ್ರಾಂಗ್ ತಂಡ ತೋರಿಸಿತು. ಮೇಲ್ನೋಟದ ಹೊಂದಾಣಿಕೆ ಸಾಲದು ಎಂದು ಸಸಿ ನೆಟ್ಟು ಪ್ರಯೋಗವನ್ನೂ ಮಾಡಿದರು. ಸಸಿಯ ಬುಡಕ್ಕೆ ಪತಂಗದ ಎಳೆಮರಿಗಳನ್ನು ಬಿಟ್ಟರೆ, ಮರಿ ಹೆಚ್ಚಾದಷ್ಟೂ ಸಸಿಗಳು ಉಳಿಯುವುದು ಕಮ್ಮಿಯಾಗುತ್ತಿತ್ತು. ಜೊತೆಗೆ ನೆಮಟೋಡ್ ಬಿಟ್ಟಾಗ ಸಸಿಗಳು ಮರಿಹುಳುಗಳೇ ಇಲ್ಲವೆಂಬಂತೆ ಬದುಕಿದವು. ಈ ಫಲಿತಾಂಶ 1999ರಲ್ಲಿ ಈಕಾಲಜಿ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಣ್ಣಿಗೆ ಕಾಣದ ಹುಳು ನೆಲದಡಿ ಕೂತು ಎದೆಮಟ್ಟದ ಪೊದೆಯನ್ನು ಕಾಯುತ್ತಿದೆ ಎನ್ನುವುದಕ್ಕೆ ಇಷ್ಟು ಚೊಕ್ಕ ಪುರಾವೆ ಸಿಗುವುದು ಅಪರೂಪ.

ಅಲ್ಲಿಗೂ ಸರಪಳಿ ಮುಗಿಯಲಿಲ್ಲ. ಅದೇ ಮಣ್ಣಿನಲ್ಲಿ ಈ ನೆಮಟೋಡನ್ನು ಹಿಡಿದು ತಿನ್ನುವ ಶಿಲೀಂಧ್ರಗಳಿವೆ. ಆರ್ಥ್ರೊಬಾಟ್ರಿಸ್ ಎಂಬುದು ಅಂಟಿನ ಬಲೆ ಒಡ್ಡಿ ಹುಳುವನ್ನು ಹಿಡಿಯುತ್ತದೆ. ಅಲ್ಲಿನ ಬೇಸಿಗೆ ಮಳೆಯಿಲ್ಲದ ಕಾಲ. ಮಣ್ಣು ಒಣಗಿದರೆ ನೆಮಟೋಡ್ ತೆವಳುವ ನೀರಿನ ಪದರವೂ ಹೋಗುತ್ತದೆ. ಪೊದೆಯ ನೆರಳಿನಲ್ಲಿ ಒಂದಿಷ್ಟು ಪಸೆ ಉಳಿದರೆ ಉಂಟು. ಅಂದರೆ ಹುಳು ಪೊದೆಯನ್ನು ಕಾಯುತ್ತದೆ, ಪೊದೆ ಹುಳುವಿಗೆ ನೆರಳು ಕೊಡುತ್ತದೆ.

ಈ ಕೆಲಸದ ಮೊದಲ ಭಾಗಕ್ಕೆ ಅಂಟಿಕೊಂಡಿದ್ದು ಸೋತ ಹೆಸರು. ಕೆಲಸ ಮಾತ್ರ ಸೋಲಲಿಲ್ಲ. ಈಗ ಅದೆಲ್ಲ ಮರೆಲಾಟಾದ ಲೆಕ್ಕಕ್ಕೆ ಸೇರಿದೆ.

ಇದು ನಮ್ಮಿಂದ ದೂರದ ಮಾತಲ್ಲ. ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಬೇರುಹುಳುವಿನ ಕಾಟ ಗೊತ್ತಿದೆ. ಸೋಗೆ ಹಳದಿಯಾಗಿ ಮರ ಸೊರಗಿದಾಗ ಬುಡ ಅಗೆದರೆ ಬಿಳಿ ಗೊಣ್ಣೆಹುಳು ಸಿಗುತ್ತದೆ. ಅದರ ಹತೋಟಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಹೆಟೆರೊರಾಬ್ಡೈಟಿಸ್ ಇಂಡಿಕಾವನ್ನು ಪುಡಿಯ ರೂಪಕ್ಕೆ ತಂದಿದೆ. ಇಂಡಿಕಾ ಬಿಸಿಲು ನಾಡಿನ ಹುಳು, ಮರೆಲಾಟಾ ತಂಪಿಗೆ ಹೊಂದಿದ ಹುಳು. ಪ್ಯಾಕೆಟ್ಟಿನ ಮೇಲೆ ಹೆಸರು ಸರಿ ಇಲ್ಲದಿದ್ದರೆ ತೋಟಕ್ಕೆ ತಪ್ಪು ಹುಳು ಬೀಳುತ್ತದೆ. ಆ ಇಂಡಿಕಾಗೂ ಕಡಲಂಚಿನ ಒಂದು ಜೋಡಿ ಹೆಸರು ಇತ್ತು. 1994ರಲ್ಲಿ ಗಾರ್ಡ್ನರ್, ಸ್ಟಾಕ್ ಮತ್ತು ಕಾಯಾ ಹವಾಯಿ ದ್ವೀಪಗಳ ಹುಳುವೊಂದಕ್ಕೆ ಹವಾಯಿಯೆನ್ಸಿಸ್ ಎಂದು ಹೆಸರಿಟ್ಟಿದ್ದರು. ಅದು 1992ರಲ್ಲೇ ಪಾಯ್ನಾರ್, ಕರುಣಾಕರ್ ಮತ್ತು ಡೇವಿಡ್ ಕೊಯಮತ್ತೂರಿನಿಂದ ವಿವರಿಸಿದ್ದ ಹುಳು ಎಂದು ಈಗ ಪರಿಗಣಿಸುತ್ತಾರೆ.

ಇದಕ್ಕೆ ಉಲ್ಟಾ ಉದಾಹರಣೆ ಐರ್ಲೆಂಡ್‌ನಲ್ಲಿದೆ. ಅಲ್ಲಿನ ಕಡಲಂಚಿನ ಮರಳು ದಿಬ್ಬಗಳಲ್ಲಿ ಸಿಗುವ ಹುಳು ಬೇರೆಯದೇ ಎಂಬ ಅನುಮಾನ ಮೊದಲೇ ಇತ್ತು. ಆದರೂ ಅದನ್ನು ಬಹಳ ವರ್ಷ ಬರೀ ಐರಿಷ್ ಗುಂಪು ಎಂದೇ ಕರೆದರು. ಬೇರೆ ಬೇರೆ ಕಡೆಯ ಮೂರು ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಿ, 2002ರಲ್ಲಿ ಹೆಟೆರೊರಾಬ್ಡೈಟಿಸ್ ಡೌನೆಸಿ ಎಂದು ಹೆಸರಿಟ್ಟರು. ಆ ಪ್ರಬಂಧದ ಮೊದಲ ಹೆಸರು ಮತ್ತೆ ಸ್ಟಾಕ್ ಅವರದ್ದೇ. ಒಂದಕ್ಕಿಂತ ಹೆಚ್ಚು ಜಾಗದ ಹುಳು ಕೈಯಲ್ಲಿದ್ದಾಗ ಹೆಸರಿಡುವುದು ಎಷ್ಟು ಭದ್ರ ಎಂಬುದಕ್ಕೆ ನಾನು ಈ ಪ್ರಬಂಧವನ್ನೇ ತೋರಿಸುತ್ತೇನೆ.

ಹೆಪಿಯಾಲಿಯಸ್ ಜನಿಸಿದ ಫ್ರಾನ್ಸ್‌ನ ಪತ್ರಿಕೆ ಮತ್ತು ಅದನ್ನು ಕೈಬಿಟ್ಟ ನೆಮಟೊಲಾಜಿಕಾ ಎರಡೂ 1999ರಲ್ಲಿ ಒಂದಾಗಿ ನೆಮಟಾಲಜಿ ಎಂಬ ಪತ್ರಿಕೆ ಆದವು. ಆ ಹೆಸರು ಮಾತ್ರ ಪೂರ್ತಿ ಅಳಿಸಿಹೋಗಿಲ್ಲ. ನಿಯಮದ ಪ್ರಕಾರ ಅದು ಸರಿಯಾಗಿ ಪ್ರಕಟವಾದ ಹೆಸರು. ಪ್ರಭೇದಗಳ ಪಟ್ಟಿಯಲ್ಲಿ ಮರೆಲಾಟಾದ ಕೆಳಗೆ ಅದು ಇಂದಿಗೂ ಇದೆ. ಹೆಸರು ಕೈಬಿಟ್ಟರೂ ಅದಕ್ಕೆ ಆಧಾರವಾದ ಸ್ಲೈಡ್ ಅದರ ಮೂಲ ಮಾದರಿಯಾಗಿಯೇ ಉಳಿಯುತ್ತದೆ. ಸಂಗ್ರಹಾಲಯಗಳಲ್ಲಿ ಇಂಥ ಸ್ಲೈಡಿನ ಹಳೆಯ ಚೀಟಿಯನ್ನು ಕಿತ್ತು ಹಾಕುವುದಿಲ್ಲ, ಪಕ್ಕದಲ್ಲಿ ಹೊಸ ಚೀಟಿ ಸೇರಿಸುತ್ತಾರೆ. ನಾಳೆ ಯಾರಾದರೂ ಬೊಡೇಗಾದ ಹುಳು ಸೀಸೈಡ್‌ನ ಹುಳುವಿಗಿಂತ ನಿಜಕ್ಕೂ ಬೇರೆ ಎಂದು ಸಾಬೀತು ಮಾಡಿದರೆ ಹೊಸ ಹೆಸರು ಹುಡುಕುವಂತಿಲ್ಲ. ಲುಪಿನ್ ಬೇರಿನ ಆ ಪತಂಗದ ಹೆಸರನ್ನೇ ಅದಕ್ಕೆ ವಾಪಸ್ ಕೊಡಬೇಕು.